ಸ್ಟೀಮ್ ಡೆಕ್ ಒಂದನ್ನೇ ದಿನನಿತ್ಯದ ಕಂಪ್ಯೂಟರ್ ಆಗಿ ಬಳಸಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಂಶೋಧನಾ ವಿದ್ಯಾರ್ಥಿ. ಇಷ್ಟು ದಿನ ಬಳಸುತ್ತಿದ್ದ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಕೆಟ್ಟುಹೋಗಿದೆ. ಅದನ್ನು ರಿಪೇರಿ ಮಾಡಿಸಲು ತಗಲುವ ಹಣ ಆ ಯಂತ್ರದ ಈಗಿನ ಬೆಲೆಗಿಂತಲೂ ಹೆಚ್ಚಾಗುತ್ತದೆ ಎಂದು ತಿಳಿದುಬಂದಿದ್ದರಿಂದ ಆ ಯೋಚನೆಯನ್ನು ಬಿಟ್ಟಿದ್ದೇನೆ. ಹೊಸದೊಂದನ್ನು ಕೊಳ್ಳುವ ಸ್ಥಿತಿಯೂ ಸದ್ಯಕ್ಕಿಲ್ಲ. ನನ್ನ ಬಳಿ ಇರುವುದು 512 ಜಿಬಿಯ ಓಎಲ್‌ಇಡಿ ಸ್ಟೀಮ್ ಡೆಕ್ (ಕೈಯಲ್ಲಿ ಹಿಡಿದು ಆಟವಾಡುವ ಪುಟ್ಟ ಕಂಪ್ಯೂಟರ್), ಒಂದು ಹಳೆಯ 24 ಇಂಚಿನ ಮಾನಿಟರ್, ಒಂದು ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್. ಇವನ್ನೆಲ್ಲ ಡೆಕ್ಕಿಗೆ ಜೋಡಿಸುವ ಡಾಕ್ ಇಲ್ಲ; ಬೇಕೆಂದಾದರೆ ಅದೊಂದನ್ನು ಕೊಳ್ಳಬಲ್ಲೆ.

ನನ್ನ ಕೆಲಸದ ಸ್ವರೂಪವನ್ನು ಹೇಳಿಬಿಡುತ್ತೇನೆ. ಮುಂದಿನ ಒಂದು ವರ್ಷ ಮುಖ್ಯವಾಗಿ ಪ್ರಬಂಧವನ್ನು ಬರೆಯಬೇಕು. ಅದರಲ್ಲಿ ಕನ್ನಡದ ಅಧ್ಯಾಯಗಳೂ ಇವೆ, ಇಂಗ್ಲಿಷಿನವೂ ಇವೆ. ರಾಶಿ ರಾಶಿ ಪಿಡಿಎಫ್‌ಗಳನ್ನು ಓದಿ ಗುರುತು ಹಾಕಿಕೊಳ್ಳಬೇಕು. ಸ್ಪ್ರೆಡ್‌ಶೀಟ್‌ಗಳಿವೆ, ಆಗಾಗ ಪೈಥಾನಿನಲ್ಲಿ ಸಣ್ಣಪುಟ್ಟ ವಿಶ್ಲೇಷಣೆ ಇರುತ್ತದೆ, ವಾರಕ್ಕೊಮ್ಮೆ ಮಾರ್ಗದರ್ಶಕರೊಂದಿಗೆ ವಿಡಿಯೊ ಸಭೆ ಇರುತ್ತದೆ. ಇದುವರೆಗೆ ಡೆಕ್ಕನ್ನು ಆಟಗಳಿಗೆ ಮಾತ್ರ ಬಳಸಿದ್ದೇನೆ. ಡೆಸ್ಕ್‌ಟಾಪ್ ಮೋಡ್ ಎಂಬುದೊಂದಿದೆ ಎಂದು ಗೊತ್ತು, ಆದರೆ ಅದರೊಳಗೆ ಕುಳಿತು ಗಂಭೀರವಾಗಿ ಕೆಲಸ ಮಾಡಿಲ್ಲ.

ಇಂತಹ ಸಾಧನವನ್ನೇ ನೆಚ್ಚಿಕೊಂಡು ವರ್ಷವಿಡೀ ಕೆಲಸ ಮಾಡುತ್ತಿರುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಮಾಡಬಹುದೇ ಎನ್ನುವುದಕ್ಕಿಂತ, ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ನನಗೆ ಹೆಚ್ಚು ಮುಖ್ಯ. ಅರ್ಧ ಪ್ರಬಂಧ ಬರೆದ ಮೇಲೆ ದಾರಿ ಮುಚ್ಚಿಹೋಗಬಾರದು.

ಮೊದಲ ಉತ್ತರ

ನಮಸ್ಕಾರ. ನನ್ನ ಮೇಜಿನ ಮೇಲಿರುವ ಏಕೈಕ ಕಂಪ್ಯೂಟರ್ ಸ್ಟೀಮ್ ಡೆಕ್ಕೇ ಆಗಿರುವುದರಿಂದ ಉತ್ತರಿಸುತ್ತಿದ್ದೇನೆ. ನೀವು ಪಟ್ಟಿ ಮಾಡಿರುವ ಕೆಲಸಗಳಲ್ಲಿ ಅದರ ಶಕ್ತಿಗೆ ಮೀರಿದ್ದು ಯಾವುದೂ ಇಲ್ಲ. ಅದರೊಳಗಿರುವುದು ಎಎಂಡಿಯ ಝೆನ್ 2 ಪೀಳಿಗೆಯ ನಾಲ್ಕು ಕೋರ್‌ಗಳ, ಎಂಟು ಥ್ರೆಡ್‌ಗಳ ಪ್ರೊಸೆಸರ್. ಗರಿಷ್ಠ ವೇಗ 3.5 ಗಿಗಾಹರ್ಟ್ಸ್. ಜೊತೆಗೆ 16 ಜಿಬಿ ರ‍್ಯಾಮ್ ಇದೆ. ಗ್ರಾಫಿಕ್ಸ್ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆಯಾದರೂ, ಬರವಣಿಗೆ, ಸ್ಪ್ರೆಡ್‌ಶೀಟ್ ಮತ್ತು ಹತ್ತಾರು ಬ್ರೌಸರ್ ಟ್ಯಾಬ್‌ಗಳಿಗೆ ಯಾವ ಕೊರತೆಯೂ ಆಗುವುದಿಲ್ಲ. ಚಿಪ್‌ಗೆ ಗರಿಷ್ಠ 15 ವ್ಯಾಟ್ ಶಕ್ತಿ ಮಾತ್ರ ದೊರೆಯುವುದರಿಂದ, ಗಂಟೆಗಟ್ಟಲೆ ವಿಡಿಯೊ ಎನ್‌ಕೋಡ್ ಮಾಡುವಂತಹ ಕೆಲಸಗಳಲ್ಲಿ ಅದು ನಿಧಾನವೆನಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಅಂಥದ್ದೇನೂ ಇಲ್ಲ.

ಮೇಜಿನ ವ್ಯವಸ್ಥೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮಲ್ಲಿರುವ ಮಾದರಿಯ ಪರದೆ 7.4 ಇಂಚಿನದು, ರೆಸಲ್ಯೂಷನ್ 1280×800. ಆಟಕ್ಕೆ ಅದು ಸೊಗಸಾದ ಪರದೆ; ಆದರೆ ಅದರ ಮೇಲೆ ಪ್ರಬಂಧದ ಅಡಿಟಿಪ್ಪಣಿಗಳನ್ನು ತಿದ್ದುವುದಕ್ಕೆ ಹೊರಟರೆ ಕಣ್ಣೂ ಕುತ್ತಿಗೆಯೂ ಬೇಗನೆ ದೂರು ಹೇಳುತ್ತವೆ. ಆದ್ದರಿಂದ ಡಾಕ್ ಕೊಳ್ಳುವುದನ್ನು ಐಚ್ಛಿಕವೆಂದು ಎಣಿಸಬೇಡಿ. ಡೆಕ್ಕಿನಲ್ಲಿರುವುದು ಒಂದೇ ಒಂದು ಯುಎಸ್‌ಬಿ-ಸಿ ಪೋರ್ಟ್, ಅದೂ ಮೇಲಂಚಿನಲ್ಲಿ. ಚಾರ್ಜಿಂಗ್, ಮಾನಿಟರ್, ಕೀಬೋರ್ಡ್, ಪೆನ್‌ಡ್ರೈವ್ ಎಲ್ಲವೂ ಅದರ ಮೂಲಕವೇ ಹಾದುಹೋಗಬೇಕು. ವಾಲ್ವ್ ಕಂಪನಿಯದೇ ಡಾಕ್ ಇದೆ. ಅದರಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಈಥರ್ನೆಟ್ ಮತ್ತು ಮೂರು ಯುಎಸ್‌ಬಿ ಪೋರ್ಟ್‌ಗಳಿವೆ. ಬೇರೆಯವರು ತಯಾರಿಸಿದ ಯುಎಸ್‌ಬಿ-ಸಿ ಹಬ್‌ಗಳೂ ನಡೆಯುತ್ತವೆ, ಚಾರ್ಜಿಂಗ್ ವಿದ್ಯುತ್ತನ್ನು ಒಳಗೆ ಹಾಯಿಸುವ ಸೌಲಭ್ಯ ಇರಬೇಕು, ಅಷ್ಟೆ.

ಹಬ್‌ಗಳ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಹಲವು ಹಬ್‌ಗಳಲ್ಲಿ ಚಾರ್ಜರ್ ತಂತಿಯನ್ನು ಚುಚ್ಚಿದಾಗ ಅಥವಾ ಕಿತ್ತಾಗ ವಿದ್ಯುತ್ ಹಂಚಿಕೆ ಹೊಸದಾಗಿ ನಿರ್ಧಾರವಾಗುತ್ತದೆ, ಆ ಕ್ಷಣದಲ್ಲಿ ಅದಕ್ಕೆ ಜೋಡಿಸಿದ ಸಾಧನಗಳೆಲ್ಲ ಒಮ್ಮೆ ಸಂಪರ್ಕ ಕಡಿದುಕೊಂಡು ಮತ್ತೆ ಕೂಡಿಕೊಳ್ಳುತ್ತವೆ. ಮಾನಿಟರ್ ಕಪ್ಪಾಗುತ್ತದೆ, ಮೌಸ್ ನಿಲ್ಲುತ್ತದೆ, ಒಂದೆರಡು ಸೆಕೆಂಡಿನಲ್ಲಿ ಎಲ್ಲವೂ ಸರಿಹೋಗುತ್ತದೆ. ಆದರೆ ಆ ಹೊತ್ತಿನಲ್ಲಿ ಹೊರಗಿನ ಡಿಸ್ಕಿಗೆ ಫೈಲ್ ನಕಲಾಗುತ್ತಿದ್ದರೆ ಅದು ಅರ್ಧಕ್ಕೇ ನಿಲ್ಲಬಹುದು, ಡಿಸ್ಕಿನ ಫೈಲ್ ವ್ಯವಸ್ಥೆಯೇ ಕೆಡಲೂಬಹುದು. ಡಿಸ್ಕ್ ಕೆಲಸ ಮಾಡುತ್ತಿರುವಾಗ ಚಾರ್ಜರನ್ನು ಮುಟ್ಟದಿರುವುದು ಅಭ್ಯಾಸವಾಗಲಿ.

ಇನ್ನು ತಂತ್ರಾಂಶ. ಡೆಕ್ಕನ್ನು ನಡೆಸುವ ಸ್ಟೀಮ್‌ಓಎಸ್ 3 ಎಂಬುದು ಆರ್ಚ್ ಲಿನಕ್ಸಿನ ಮೇಲೆ ಕಟ್ಟಿದ ಕಾರ್ಯಾಚರಣಾ ವ್ಯವಸ್ಥೆ. ಪವರ್ ಮೆನುವಿನಿಂದ ಡೆಸ್ಕ್‌ಟಾಪ್ ಮೋಡ್‌ಗೆ ಹೋದರೆ ಕೆಡಿಇ ಪ್ಲಾಸ್ಮಾ ಎಂಬ ಪೂರ್ಣ ಪ್ರಮಾಣದ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ವಿಂಡೋಸ್ ಬಳಸಿದವರಿಗೆ ಅದರ ಚಹರೆ ಅಪರಿಚಿತವೆನಿಸುವುದಿಲ್ಲ. ವ್ಯತ್ಯಾಸವಿರುವುದು ತಳದಲ್ಲಿ. ವ್ಯವಸ್ಥೆಯ ಮೂಲ ಭಾಗವನ್ನು ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ಬೀಗ ಹಾಕಿ ಇಡಲಾಗಿದೆ. ಅದರ ಎರಡು ಪ್ರತಿಗಳಿರುತ್ತವೆ. ಅಪ್‌ಡೇಟ್ ಬಂದಾಗ ನೀವು ಬಳಸದೇ ಇರುವ ಪ್ರತಿಯ ಮೇಲೆ ಹೊಸ ಆವೃತ್ತಿಯನ್ನು ಇಡಿಯಾಗಿ ಬರೆದು, ಮುಂದಿನ ಬಾರಿ ಯಂತ್ರ ಅದರಿಂದ ಆರಂಭವಾಗುವಂತೆ ಮಾಡಲಾಗುತ್ತದೆ. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳಬಹುದು. ಗೂಗಲ್ ಮಾಡಿ ಸಿಕ್ಕ ಯಾವುದೋ ಸೂಚನೆಯಂತೆ ಬೀಗ ತೆಗೆದು, ಆರ್ಚ್‌ನ ತಂತ್ರಾಂಶ ಸ್ಥಾಪಕವಾದ ಪ್ಯಾಕ್‌ಮ್ಯಾನ್ ಮೂಲಕ ತಂತ್ರಾಂಶಗಳನ್ನು ಹಾಕಿಕೊಂಡರೆ ಅವು ಅಂದಿಗೆ ನಡೆಯುತ್ತವೆ, ಮುಂದಿನ ದೊಡ್ಡ ಅಪ್‌ಡೇಟಿನಲ್ಲಿ ಕಾಣೆಯಾಗುತ್ತವೆ. ಮೇಲಾಗಿ ಆ ವಿಭಾಗದ ಗಾತ್ರ ಸುಮಾರು 5 ಜಿಬಿ ಮಾತ್ರ. ಅಲ್ಲಿ ಹೆಚ್ಚೇನೂ ಹಿಡಿಸುವುದಿಲ್ಲ.

ನಿಮ್ಮದೆಂದು ಇರುವುದು ಹೋಮ್ ವಿಭಾಗ. ಆಟಗಳು, ದಾಖಲೆಗಳು, ಸೆಟ್ಟಿಂಗ್‌ಗಳು ಎಲ್ಲವೂ ಅಲ್ಲಿಯೇ ಇರುತ್ತವೆ, ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ತಂತ್ರಾಂಶಗಳನ್ನು ಡಿಸ್ಕವರ್ ಎಂಬ ಅಂಗಡಿಯಿಂದ ಫ್ಲಾಟ್‌ಪ್ಯಾಕ್ (ಮೂಲ ವ್ಯವಸ್ಥೆಯನ್ನು ಮುಟ್ಟದೆ ಪ್ರತ್ಯೇಕವಾಗಿ ನಡೆಯುವ ಕಟ್ಟು) ರೂಪದಲ್ಲಿ ಹಾಕಿಕೊಂಡರೆ ಅವೂ ಉಳಿಯುತ್ತವೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್, ಪಿಡಿಎಫ್‌ಗೆ ಓಕ್ಯುಲರ್, ಚಿತ್ರಗಳಿಗೆ ಗಿಂಪ್ ಮತ್ತು ಇಂಕ್‌ಸ್ಕೇಪ್ ಎಲ್ಲವೂ ಅಲ್ಲಿ ಸಿಗುತ್ತವೆ. ಮೈಕ್ರೋಸಾಫ್ಟ್ ಆಫೀಸನ್ನು ಬ್ರೌಸರಿನಲ್ಲಿ ಬಳಸಬಹುದೇ ಹೊರತು ಯಂತ್ರದಲ್ಲಿ ಸ್ಥಾಪಿಸಿಕೊಳ್ಳುವ ಯೋಚನೆ ಬೇಡ. ನಿಮ್ಮ ಮಾರ್ಗದರ್ಶಕರು ವರ್ಡ್ ಫೈಲಿನಲ್ಲಿಯೇ ತಿದ್ದುಪಡಿಗಳನ್ನು ಕಳುಹಿಸುವವರಾದರೆ, ಆ ತಿದ್ದುಪಡಿಗಳು ಲಿಬ್ರೆಆಫೀಸಿನಲ್ಲಿ ಸರಿಯಾಗಿ ಕಾಣುತ್ತವೆಯೇ ಎಂಬುದನ್ನು ಈಗಲೇ ಒಂದು ಅಧ್ಯಾಯ ಕಳುಹಿಸಿ, ತರಿಸಿ ಪರೀಕ್ಷಿಸಿಕೊಳ್ಳಿ. ಸರಳ ಪಠ್ಯದಲ್ಲಿ ತೊಂದರೆಯಾಗುವುದಿಲ್ಲ. ಕೋಷ್ಟಕ, ಸಮೀಕರಣ, ಅಡಿಟಿಪ್ಪಣಿಗಳು ಒಟ್ಟಾಗಿ ಸೇರಿದ ಪುಟಗಳಲ್ಲಿ ವಿನ್ಯಾಸ ಕದಲುವುದುಂಟು.

ಕನ್ನಡ ಬರವಣಿಗೆಗೆ ಹೊಸ ತಂತ್ರಾಂಶ ಏನೂ ಬೇಡ. ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಲೇಔಟ್ ಸೇರಿಸುವಾಗ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಸಿಗುತ್ತದೆ, ಕಗಪ ಎಂಬ ಹೆಸರಿನ ಧ್ವನ್ಯಾತ್ಮಕ ವಿನ್ಯಾಸವೂ ಸಿಗುತ್ತದೆ. ನುಡಿ ತಂತ್ರಾಂಶಕ್ಕೆ ಒಗ್ಗಿದ ಬೆರಳುಗಳಿಗೆ ಎರಡನೆಯದು ಹತ್ತಿರ. ಆದರೂ ಪೂರ್ತಿ ಅದೇ ಎಂದುಕೊಳ್ಳಬೇಡಿ. ಈ ಲೇಔಟ್‌ಗಳಲ್ಲಿ ಒಂದು ಕೀಲಿಗೆ ಒಂದು ಅಕ್ಷರ ಎಂಬ ನಿಯಮವಿದೆ. ಹಿಂದೆ ಟೈಪಾದದ್ದು ವ್ಯಂಜನವೋ ಅಲ್ಲವೋ ಎಂದು ನೋಡಿ ಸ್ವರವನ್ನು ಗುಣಿತಾಕ್ಷರವಾಗಿಸುವ ಜಾಣ್ಮೆ ಅವಕ್ಕಿಲ್ಲ. ಕೆಲವು ದಿನ ಬೆರಳು ತಡವರಿಸಿ, ಆಮೇಲೆ ಸಲೀಸಾಗುತ್ತದೆ. ಹಳೆಯ ಫೈಲುಗಳಿಗೆ ವಿಶೇಷ ಫಾಂಟ್‌ಗಳು ಬೇಕಿದ್ದರೆ ಅವನ್ನು ಹೋಮ್ ವಿಭಾಗದಲ್ಲಿರುವ ನಿಮ್ಮ ಸ್ವಂತ ಫಾಂಟ್ ಫೋಲ್ಡರಿನಲ್ಲಿ ಹಾಕಿ. ಅಪ್‌ಡೇಟ್ ಆದರೂ ಅಲ್ಲಿಯೇ ಇರುತ್ತವೆ.

ವಿಡಿಯೊ ಸಭೆಗೆ ಕ್ಯಾಮೆರಾ ಬೇಕು. ಡೆಕ್ಕಿನಲ್ಲಿ ಮೈಕ್ ಇದೆ, ಕ್ಯಾಮೆರಾ ಇಲ್ಲ. ಸಾಮಾನ್ಯ ಯುಎಸ್‌ಬಿ ವೆಬ್‌ಕ್ಯಾಮ್ ಚುಚ್ಚಿದರೆ ಡ್ರೈವರ್‌ಗಾಗಿ ಹುಡುಕದೆಯೇ ನಡೆಯುತ್ತದೆ. ಡಾಕ್‌ನಲ್ಲಿ ಕೂರಿಸಿದಾಗ ಫ್ಯಾನಿನ ಸದ್ದು ಮೈಕಿಗೆ ಬೀಳುವುದರಿಂದ ಇಯರ್‌ಫೋನಿನ ಮೈಕನ್ನು ಬಳಸುವುದು ಒಳ್ಳೆಯದು.

ಒಂದೆರಡು ಗುಟ್ಟುಗಳು. ಮಾನಿಟರ್ ಜೋಡಿಸಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಡೆಕ್ಕಿನ ಒಳಪರದೆಯನ್ನು ಆಫ್ ಮಾಡಿಬಿಡಿ. ಎರಡು ಬೇರೆ ಬೇರೆ ಸಾಂದ್ರತೆಯ ಪರದೆಗಳ ನಡುವೆ ಅಕ್ಷರದ ಗಾತ್ರ ಹೊಂದಿಸುವ ಗೋಜು ತಪ್ಪುತ್ತದೆ. ಕೀಬೋರ್ಡ್ ಇಲ್ಲದ ಕಡೆ ಸ್ಟೀಮ್ ಬಟನ್ ಮತ್ತು ಎಕ್ಸ್ ಬಟನನ್ನು ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಲಿಮಣೆ ಬರುತ್ತದೆ, ಬಲಗಡೆಯ ಟ್ರ್ಯಾಕ್‌ಪ್ಯಾಡ್ ಮೌಸ್ ಆಗುತ್ತದೆ, ಬಲ ಟ್ರಿಗರ್ ಕ್ಲಿಕ್ ಆಗುತ್ತದೆ. ಆದರೆ ಹಿನ್ನೆಲೆಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶ ನಡೆಯುತ್ತಿರಬೇಕು. ಮೆಮೊರಿ ಉಳಿಸಲೆಂದು ಅದನ್ನು ಮುಚ್ಚಿದರೆ ಟ್ರ್ಯಾಕ್‌ಪ್ಯಾಡ್ ಹೇಗೋ ನಡೆಯುತ್ತದೆ, ಕೀಲಿಮಣೆ ಮಾತ್ರ ಬರುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದರಲ್ಲಿ ತಾಂತ್ರಿಕವಾಗಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಪ್ರಬಂಧದಂತಹ ಮರಳಿ ಪಡೆಯಲಾಗದ ಕೆಲಸವನ್ನು ಇಡುವ ಯಂತ್ರ ಎಂದಾಗ ನೋಡಬೇಕಾದ ವಿಷಯಗಳು ಬೇರೆಯೇ ಇವೆ, ಅವುಗಳ ಬಗ್ಗೆ ಯಾರೂ ಸಾಕಷ್ಟು ಮಾತನಾಡುವುದಿಲ್ಲವೆಂಬುದು ನನ್ನ ಕಳವಳ.

ಮೊದಲನೆಯದು ಭದ್ರತೆ. ಡೆಕ್ಕನ್ನು ಆಟದ ಸಾಧನವೆಂದು ರೂಪಿಸಿರುವುದರಿಂದ ಅದು ತಯಾರಕರಿಂದ ಬರುವಾಗ ಬಳಕೆದಾರರ ಖಾತೆಗೆ ಪಾಸ್‌ವರ್ಡ್ ಇರುವುದಿಲ್ಲ. ಡಿಸ್ಕೂ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಯಾರದೇ ಕೈಗೆ ಸಿಕ್ಕರೂ ಅವರು ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, ಬ್ರೌಸರ್ ತೆರೆದು, ನೀವು ಲಾಗಿನ್ ಆಗಿರುವ ಇಮೇಲನ್ನು ಓದಬಹುದು. ಲ್ಯಾಪ್‌ಟಾಪ್ ಬಳಸುವಾಗ ನಾವು ಇದನ್ನು ಒಪ್ಪಿಕೊಳ್ಳುವುದಿಲ್ಲ. ಆಟದ ಸಾಧನವೆಂದ ಮಾತ್ರಕ್ಕೆ ಏಕೆ ಒಪ್ಪಿಕೊಳ್ಳಬೇಕು? ಅದೂ ಸುಲಭವಾಗಿ ಚೀಲಕ್ಕೆ ಹಾಕಿಕೊಂಡು ಹೋಗಬಹುದಾದ, ಕಂಡವರೆಲ್ಲ ಒಮ್ಮೆ ಆಡಿ ಕೊಡುತ್ತೇನೆಂದು ಕೇಳುವ ಸಾಧನ. ಇಂದೇ ಸಿಸ್ಟಮ್ ಸೆಟ್ಟಿಂಗ್ಸ್‌ನ ಬಳಕೆದಾರರ ವಿಭಾಗದಲ್ಲಿ ಪಾಸ್‌ವರ್ಡ್ ಹಾಕಿ, ಪರದೆ ತಾನಾಗಿ ಲಾಕ್ ಆಗುವಂತೆ ಮಾಡಿ, ಗೇಮ್ ಮೋಡ್‌ನಲ್ಲಿಯೂ ಪಿನ್ ಇಡಿ. ಬ್ರೌಸರಿನಲ್ಲಿ ಪಾಸ್‌ವರ್ಡ್‌ಗಳನ್ನು ಉಳಿಸುವ ಬದಲು, ಮಾಸ್ಟರ್ ಪಾಸ್‌ವರ್ಡ್ ಕೇಳುವ ಕೀಪಾಸ್‌ಎಕ್ಸ್‌ಸಿಯಂತಹ ತಂತ್ರಾಂಶದಲ್ಲಿ ಇಟ್ಟುಕೊಳ್ಳಿ. ಇಷ್ಟು ಮಾಡಿದರೂ ಡಿಸ್ಕನ್ನು ಬಿಚ್ಚಿ ತೆಗೆದವರಿಗೆ ಫೈಲುಗಳು ಕಾಣುತ್ತವೆ ಎಂಬುದು ನೆನಪಿರಲಿ. ನಿಮ್ಮ ಸಂಶೋಧನೆಯಲ್ಲಿ ಸಂದರ್ಶನ ನೀಡಿದವರ ಹೆಸರು, ಧ್ವನಿಮುದ್ರಣ ಮುಂತಾದವು ಇದ್ದರೆ ಅವನ್ನು ಎನ್‌ಕ್ರಿಪ್ಟ್ ಮಾಡಿದ ಸ್ಥಳದಲ್ಲಿ ಮಾತ್ರ ಇಡುವುದು ನಿಮ್ಮ ಕರ್ತವ್ಯ. ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲೇಬೇಕೆಂದರೆ ಬಜೈಟ್ ಎಂಬ, ಫೆಡೋರಾ ಆಧಾರಿತ ಪರ್ಯಾಯ ವ್ಯವಸ್ಥೆಯನ್ನು ಹಾಕಿಕೊಳ್ಳುವ ದಾರಿ ಇದೆ. ಇದೇ ಬಗೆಯ ಸಾಧನಗಳಿಗೆಂದೇ ಅದನ್ನು ಹದಗೊಳಿಸಿದ್ದಾರೆ.

ಎರಡನೆಯದು ಬ್ಯಾಕಪ್. ಸ್ಟೀಮ್ ಕ್ಲೌಡ್ ನಿಮ್ಮ ಆಟದ ಪ್ರಗತಿಯನ್ನು ಉಳಿಸುತ್ತದೆ, ಅಧ್ಯಾಯಗಳನ್ನು ಉಳಿಸುವುದಿಲ್ಲ. ಏನಾದರೂ ಕೆಟ್ಟು, ರಿಕವರಿ ಇಮೇಜ್ ಬಳಸಿ ಯಂತ್ರವನ್ನು ಮೊದಲಿನ ಸ್ಥಿತಿಗೆ ತರಬೇಕಾಗಿ ಬಂದರೆ ಹೋಮ್ ವಿಭಾಗವೂ ಅಳಿಸಿಹೋಗಬಹುದು. ಸರ್ವಿಸಿಗೆ ಕೊಟ್ಟರೂ ಅದೇ ಅಪಾಯವಿದೆ. ದಿನವೂ ತಾನಾಗಿ ನಡೆಯುವ ಕ್ಲೌಡ್ ನಕಲೊಂದು, ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಒಂದು ನಕಲು, ಇವೆರಡೂ ಇರಲಿ. ಮೈಕ್ರೊಎಸ್‌ಡಿ ಕಾರ್ಡಿಗೆ ನಕಲಿಸಿದ್ದೇನೆ, ಸಾಕು ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಯಂತ್ರ ಕಳೆದುಹೋದರೆ ಕಾರ್ಡ್ ಕೂಡ ಅದರೊಂದಿಗೇ ಹೋಗುತ್ತದೆ. ಅಂದ ಹಾಗೆ, ಎಂದಾದರೂ ಹಿಂಬದಿಯನ್ನು ಬಿಚ್ಚಿ ಎಸ್‌ಎಸ್‌ಡಿ ಬದಲಿಸುವ ಸಂದರ್ಭ ಬಂದರೆ ಆ ಕಾರ್ಡನ್ನು ಮೊದಲು ಹೊರತೆಗೆಯಿರಿ. ಕಾರ್ಡಿನ ಗೂಡು ಹೊರಚಿಪ್ಪಿನ ಅಂಚಿಗೆ ಬರುವುದರಿಂದ, ಕಾರ್ಡ್ ಒಳಗಿದ್ದಾಗ ಚಿಪ್ಪನ್ನು ಎತ್ತಿದರೆ ಅದು ನಡುವೆಯೇ ಮುರಿಯುತ್ತದೆ.

ಮೂರನೆಯದನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮ್ಮಲ್ಲಿ ಮಾನಿಟರ್, ಕೀಬೋರ್ಡ್, ಮೌಸ್ ಈಗಾಗಲೇ ಇರುವುದರಿಂದ ಈ ಯೋಜನೆಗೆ ಅರ್ಥವಿದೆ. ಇವೆಲ್ಲವನ್ನೂ ಹೊಸದಾಗಿ ಕೊಳ್ಳಬೇಕಾದವರು ಒಟ್ಟು ಖರ್ಚನ್ನು ಕೂಡಿ ನೋಡಿದರೆ, ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹೆಚ್ಚು ವಿವೇಕದ ಆಯ್ಕೆ ಎಂದೇ ನಾನು ಹೇಳುತ್ತೇನೆ. ಅದನ್ನು ಎಲ್ಲಿ ಬೇಕಾದರೂ ತೆರೆದು ಟೈಪ್ ಮಾಡಬಹುದು; ಡೆಕ್ ಮೇಜನ್ನು ಬಿಟ್ಟ ಕೂಡಲೇ ಬರೆಯುವ ಯಂತ್ರವಾಗಿ ಉಳಿಯುವುದಿಲ್ಲ. ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ಅಗತ್ಯ ನಿಮಗಿದ್ದರೆ, ಮಡಚುವ ಬ್ಲೂಟೂತ್ ಕೀಬೋರ್ಡ್ ಮತ್ತು ಒಂದು ಆನಿಕೆ ಇಟ್ಟುಕೊಳ್ಳಿ. ಅರ್ಧ ಗಂಟೆಯ ಟಿಪ್ಪಣಿಗೆ ಅದು ಸಾಲುತ್ತದೆ, ಇಡೀ ಮಧ್ಯಾಹ್ನದ ಬರವಣಿಗೆಗೆ ಸಾಲದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಾಸ್‌ವರ್ಡ್ ವಿಷಯ ನನ್ನ ಗಮನಕ್ಕೇ ಬಂದಿರಲಿಲ್ಲ. ಓದಿದ ಕೂಡಲೇ ಹಾಕಿದೆ. ನನ್ನಲ್ಲಿ ಸಂದರ್ಶನಗಳ ಧ್ವನಿಮುದ್ರಣಗಳಿವೆ, ಅವನ್ನು ಡೆಕ್ಕಿನಲ್ಲಿ ಇಡದೆ, ಎನ್‌ಕ್ರಿಪ್ಟ್ ಮಾಡಿದ ಹೊರಗಿನ ಡಿಸ್ಕಿನಲ್ಲಿ ಮಾತ್ರ ಇಡಲು ನಿರ್ಧರಿಸಿದ್ದೇನೆ.

ಎರಡು ಸಂಗತಿಗಳು ಇನ್ನೂ ಸ್ಪಷ್ಟವಾಗಿಲ್ಲ. ಪೈಥಾನ್ ಪ್ಯಾಕೇಜುಗಳನ್ನು ಹಾಕಲು ಹೋದರೆ ಇದು ಹೊರಗಿನಿಂದ ನಿರ್ವಹಿಸಲ್ಪಡುವ ಪರಿಸರ ಎಂಬರ್ಥದ ದೋಷ ಸಂದೇಶ ಬರುತ್ತಿದೆ. ಉಲ್ಲೇಖಗಳನ್ನು ನಿರ್ವಹಿಸಲು ಜೊಟೆರೊ ಬಳಸುತ್ತೇನೆ. ಅದು ಡಿಸ್ಕವರ್‌ನಲ್ಲಿ ಸಿಕ್ಕಿತಾದರೂ ಲಿಬ್ರೆಆಫೀಸಿನೊಳಗೆ ಅದರ ಗುಂಡಿಗಳು ಕಾಣಿಸುತ್ತಿಲ್ಲ. ಇವೆರಡಕ್ಕೂ ಬೀಗ ತೆಗೆಯದೆ ಪರಿಹಾರವಿದೆಯೇ? ಜೊತೆಗೆ, ವರ್ಷದ ಕೊನೆಯಲ್ಲಿ ಮೇಲ್ವಿಚಾರಣಾ ತಂತ್ರಾಂಶ ಹಾಕಿಕೊಂಡು ಬರೆಯಬೇಕಾದ ಆನ್‌ಲೈನ್ ಪರೀಕ್ಷೆಯೊಂದಿದೆ. ಅದು ಡೆಕ್ಕಿನಲ್ಲಿ ನಡೆಯುತ್ತದೆಯೇ?

ಮೂರನೆಯ ಉತ್ತರ

ಮೊದಲ ಎರಡಕ್ಕೆ ನಾನು ಉತ್ತರಿಸಬಲ್ಲೆ. ಪ್ರೋಗ್ರಾಮಿಂಗ್ ಕೆಲಸವನ್ನು ಡೆಕ್ಕಿನಲ್ಲಿಯೇ ಮಾಡುತ್ತೇನೆ.

ನಿಮಗೆ ಬಂದಿರುವ ದೋಷ ಸಂದೇಶ ಡೆಕ್ಕಿನದಲ್ಲ, ಇತ್ತೀಚಿನ ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು ಬರುತ್ತದೆ. ವ್ಯವಸ್ಥೆಗೆ ಸೇರಿದ ಪೈಥಾನಿನೊಳಗೆ ನಿಮ್ಮ ಪ್ಯಾಕೇಜುಗಳನ್ನು ತುರುಕಬೇಡಿ ಎಂಬುದು ಅದರ ಅರ್ಥ. ಅವುಗಳಿಗೆಂದೇ ಪ್ರತ್ಯೇಕ ಜಾಗ, ಅಂದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡರೆ ಸಂದೇಶ ಹೋಗುತ್ತದೆ. ಆದರೆ ಡೆಕ್ಕಿನಲ್ಲಿ ಅಷ್ಟಕ್ಕೇ ನಿಲ್ಲುವುದನ್ನು ನಾನು ಸಲಹೆ ಮಾಡುವುದಿಲ್ಲ. ಅಪ್‌ಡೇಟಿನಲ್ಲಿ ವ್ಯವಸ್ಥೆಯ ಪೈಥಾನ್ ಆವೃತ್ತಿ ಬದಲಾದರೆ, ಅದನ್ನೇ ಆಧರಿಸಿದ ನಿಮ್ಮ ಎನ್ವಿರಾನ್‌ಮೆಂಟ್ ಒಂದು ಬೆಳಿಗ್ಗೆ ತೆರೆದುಕೊಳ್ಳುವುದೇ ಇಲ್ಲ. ಮೇಲಾಗಿ, ಜಾಗ ಉಳಿಸಲೆಂದು ಸ್ಟೀಮ್‌ಓಎಸ್‌ನಿಂದ ಹೆಡರ್ ಫೈಲುಗಳನ್ನು ತೆಗೆದಿರುವುದರಿಂದ, ಕಂಪೈಲ್ ಆಗಬೇಕಾದ ಪ್ಯಾಕೇಜುಗಳು ಅಲ್ಲಿ ಮುಗ್ಗರಿಸುತ್ತವೆ.

ಇದಕ್ಕೆ ಸರಿಯಾದ ದಾರಿ, ಇನ್ನೊಂದು ಲಿನಕ್ಸನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ ನಡೆಸುವ ಡಿಸ್ಟ್ರೋಬಾಕ್ಸ್. ಸ್ಟೀಮ್‌ಓಎಸ್ 3.5 ಆವೃತ್ತಿಯಿಂದ ಅದೂ, ಅದು ಅವಲಂಬಿಸುವ ಪಾಡ್‌ಮ್ಯಾನ್ ಕೂಡ ವ್ಯವಸ್ಥೆಯೊಂದಿಗೇ ಬರುತ್ತವೆ. ಕಾನ್ಸೋಲ್ ಎಂಬ, ಆಜ್ಞೆಗಳನ್ನು ಟೈಪ್ ಮಾಡುವ ತಂತ್ರಾಂಶ ತೆರೆದು ಒಂದು ಆಜ್ಞೆ ಕೊಟ್ಟರೆ ಉಬುಂಟು ಅಥವಾ ಫೆಡೋರಾದ ಕಂಟೇನರ್ ಒಂದು ನಿಮ್ಮ ಹೋಮ್ ವಿಭಾಗದಲ್ಲಿ ಸಿದ್ಧವಾಗುತ್ತದೆ. ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂದು ಮಾಲೀಕರು ಹೇಳಿದಾಗ ಒಳಗೊಂದು ಕಪಾಟು ತಂದು ನಿಲ್ಲಿಸಿಕೊಳ್ಳುವ ಹಾಗೆ ಇದು: ಆ ಕಂಟೇನರಿನೊಳಗೆ ನೀವೇ ಯಜಮಾನರು. ಕಂಪೈಲರ್, ಪೈಥಾನ್, ಜುಪಿಟರ್, ಲೇಟೆಕ್ ಏನು ಬೇಕಾದರೂ ಆಯಾ ವ್ಯವಸ್ಥೆಯ ಮಾಮೂಲಿ ವಿಧಾನದಲ್ಲಿ ಹಾಕಿಕೊಳ್ಳಬಹುದು. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗಿನಿಂದಲೂ ಹಾಗೆಯೇ ಕಾಣುತ್ತದೆ. ಒಳಗೆ ಹಾಕಿದ ಕಿಟಕಿಯುಳ್ಳ ತಂತ್ರಾಂಶವನ್ನು ಡೆಕ್ಕಿನ ಮೆನುವಿಗೆ ರಫ್ತು ಮಾಡುವ ಸೌಲಭ್ಯವೂ ಇದೆ. ಎಲ್ಲವೂ ಹೋಮ್ ವಿಭಾಗದಲ್ಲಿ ಕೂರುವುದರಿಂದ ಅಪ್‌ಡೇಟ್ ಆದ ಮೇಲೂ ನೀವು ಬಿಟ್ಟಲ್ಲಿಂದಲೇ ಮುಂದುವರಿಯಬಹುದು.

ಜೊಟೆರೊ ಸಮಸ್ಯೆಯ ಮೂಲವೂ ಬೇಲಿಯೇ. ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ತಮ್ಮ ತಮ್ಮ ಆವರಣದೊಳಗೆ ನಡೆಯುತ್ತವೆ. ಜೊಟೆರೊ ತನ್ನ ವಿಸ್ತರಣೆಯನ್ನು ಲಿಬ್ರೆಆಫೀಸಿನ ಫೋಲ್ಡರಿಗೆ ತಾನಾಗಿ ಸೇರಿಸಲು ನೋಡುತ್ತದೆ, ಆದರೆ ಎರಡೂ ಬೇರೆ ಬೇರೆ ಆವರಣಗಳಲ್ಲಿದ್ದಾಗ ಒಂದಕ್ಕೊಂದು ಕಾಣುವುದಿಲ್ಲ. ಫ್ಲಾಟ್‌ಸೀಲ್ ಎಂಬ ತಂತ್ರಾಂಶದಲ್ಲಿ ಅನುಮತಿಗಳನ್ನು ಸಡಿಲಿಸಿ, ವಿಸ್ತರಣೆಯ ಫೈಲನ್ನು ಕೈಯಾರೆ ಸೇರಿಸಿ ಕೂಡಿಸುವವರಿದ್ದಾರೆ. ನಾನು ಮೇಲಿನ ಕಂಟೇನರಿನೊಳಗೆ ಲಿಬ್ರೆಆಫೀಸನ್ನೂ, ಜೊಟೆರೊದವರೇ ಕೊಡುವ ಟಾರ್‌ಬಾಲನ್ನೂ (ಒಂದೇ ಫೈಲಾಗಿ ಕಟ್ಟಿದ ತಂತ್ರಾಂಶ) ಒಟ್ಟಿಗೆ ಇಟ್ಟು ಎರಡನ್ನೂ ಮೆನುವಿಗೆ ರಫ್ತು ಮಾಡಿಕೊಂಡಿದ್ದೇನೆ. ಎರಡೂ ಒಂದೇ ಕಡೆ ಇರುವುದರಿಂದ ಗುಂಡಿಗಳು ಬಂದವು, ಆಮೇಲೆ ಕೈಕೊಟ್ಟಿಲ್ಲ. ಪ್ರಬಂಧದ ಉಲ್ಲೇಖಗಳು ನಡುವಿನಲ್ಲಿ ಚದುರಿಹೋಗುವುದು ಎಂತಹ ಸಂಕಟವೆಂಬುದನ್ನು ಬಲ್ಲವರು ಇದಕ್ಕಾಗಿ ಒಂದು ಸಂಜೆಯನ್ನು ಕೊಡಲು ಹಿಂಜರಿಯಬಾರದು.

ಜಾಗದ ಕಡೆ ಒಂದು ಕಣ್ಣಿರಲಿ. ಕಂಟೇನರ್, ಫ್ಲಾಟ್‌ಪ್ಯಾಕ್‌ಗಳು, ಆಟಗಳು, ಆಟಗಳ ಶೇಡರ್ ಕ್ಯಾಶ್ (ಗ್ರಾಫಿಕ್ಸ್‌ಗಾಗಿ ಉಳಿಸಿಟ್ಟ ಫೈಲುಗಳು) ಎಲ್ಲವೂ ಅದೇ 512 ಜಿಬಿಯನ್ನು ಹಂಚಿಕೊಳ್ಳುತ್ತವೆ. ಆಟಗಳನ್ನು ಮೈಕ್ರೊಎಸ್‌ಡಿ ಕಾರ್ಡಿಗೆ ಸಾಗಿಸಿ, ಒಳಗಿನ ಡಿಸ್ಕನ್ನು ಕೆಲಸಕ್ಕೆ ಬಿಟ್ಟುಕೊಡಿ. ಆಟಗಳನ್ನು ಮತ್ತೆ ಇಳಿಸಿಕೊಳ್ಳಬಹುದು, ಆದ್ದರಿಂದ ಕಾರ್ಡ್ ಕೆಟ್ಟರೂ ನಷ್ಟವಿಲ್ಲ.

ನಾಲ್ಕನೆಯ ಉತ್ತರ

ಪರೀಕ್ಷೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಇಲ್ಲಿ ಆಶಾವಾದಕ್ಕೆ ಎಡೆಯಿಲ್ಲ. ಮೇಲ್ವಿಚಾರಣಾ ತಂತ್ರಾಂಶಗಳು ಸಾಮಾನ್ಯವಾಗಿ ವಿಂಡೋಸ್ ಮತ್ತು ಮ್ಯಾಕ್‌ಗಳಿಗೆಂದು ಬರೆದವು. ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನ್ ಇದೆಯಲ್ಲ, ಅದರ ಮೂಲಕ ಇದನ್ನೂ ನಡೆಸಬಹುದು ಎಂದು ಯೋಚಿಸಬೇಡಿ. ಇಂತಹ ತಂತ್ರಾಂಶಗಳು ತಾವು ನಿಜವಾದ ವಿಂಡೋಸ್ ಮೇಲಿವೆಯೇ, ವರ್ಚುವಲ್ ಯಂತ್ರದೊಳಗಿವೆಯೇ ಎಂಬುದನ್ನು ಪರಿಶೀಲಿಸುತ್ತವೆ. ಅನುಮಾನ ಬಂದರೆ ಪರೀಕ್ಷೆಯನ್ನೇ ನಿಲ್ಲಿಸಬಹುದು, ಅಕ್ರಮವೆಂದು ದಾಖಲಿಸಲೂಬಹುದು. ಆ ಒಂದು ದಿನಕ್ಕೆ ಬೇರೆಯವರ ಲ್ಯಾಪ್‌ಟಾಪ್ ಕೇಳಿ ಪಡೆಯಿರಿ, ಅಥವಾ ಸಂಸ್ಥೆಯ ಕಂಪ್ಯೂಟರನ್ನು ಒದಗಿಸುವಂತೆ ಈಗಲೇ ಬರೆದು ಕೇಳಿ.

ಡೆಕ್ಕಿನಲ್ಲಿ ವಿಂಡೋಸ್ ಹಾಕಲು ಸಾಧ್ಯವೇ ಎಂದರೆ ಸಾಧ್ಯ. ಅದಕ್ಕೆ ಬೇಕಾದ ಡ್ರೈವರ್‌ಗಳನ್ನು ವಾಲ್ವ್ ಪ್ರಕಟಿಸಿದೆ. ಆದರೆ ಹಾಗೆ ಮಾಡಿದರೆ ಟ್ರ್ಯಾಕ್‌ಪ್ಯಾಡ್‌ಗಳ ಸಲೀಸುತನ, ಗುಂಡಿ ಒತ್ತಿದೊಡನೆ ನಿದ್ರೆಗೆ ಜಾರಿ ಎಚ್ಚರಗೊಳ್ಳುವ ಗುಣ ಮುಂತಾದ, ಆ ಸಾಧನವನ್ನು ಹಿತಕರವಾಗಿಸಿರುವ ಅಂಶಗಳೇ ಮಸುಕಾಗುತ್ತವೆ. ವಿಂಡೋಸ್ ತಂತ್ರಾಂಶವೇ ದಿನವೂ ಬೇಕಾದವರು ಅದರೊಂದಿಗೇ ಬರುವ ಸಾಧನಗಳನ್ನು ನೋಡುವುದು ಮೇಲು. 2024ರಲ್ಲಿ ಬಂದ ಆಸುಸ್ ಆರ್‌ಒಜಿ ಆಲೈ ಎಕ್ಸ್‌ನಲ್ಲಿ 24 ಜಿಬಿ ರ‍್ಯಾಮ್, 80 ವ್ಯಾಟ್-ಗಂಟೆಯ ಬ್ಯಾಟರಿ ಮತ್ತು ಎರಡು ಯುಎಸ್‌ಬಿ-ಸಿ ಪೋರ್ಟ್‌ಗಳಿವೆ. ಲೆನೊವೊ ಲೀಜನ್ ಗೋದ ಪರದೆ 8.8 ಇಂಚಿನದು, ಅದರ ಎರಡೂ ಬದಿಯ ಹಿಡಿಗಳನ್ನು ಕಳಚಿಟ್ಟರೆ ಸಣ್ಣ ಟ್ಯಾಬ್ಲೆಟ್ಟಿನಂತೆ ಮೇಜಿನ ಮೇಲೆ ನಿಲ್ಲುತ್ತದೆ. ಕೆಲಸದ ದೃಷ್ಟಿಯಿಂದ ಎರಡು ಪೋರ್ಟ್‌ಗಳಿರುವುದು ದೊಡ್ಡ ಅನುಕೂಲ. ನಿಮ್ಮ ಸಂದರ್ಭದಲ್ಲಿ ಒಂದು ದಿನದ ಪರೀಕ್ಷೆಗಾಗಿ ಸಾಧನವನ್ನೇ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಡಿಸ್ಟ್ರೋಬಾಕ್ಸ್‌ನಲ್ಲಿ ಫೆಡೋರಾ ಕಂಟೇನರ್ ಮಾಡಿ, ಲಿಬ್ರೆಆಫೀಸ್ ಮತ್ತು ಜೊಟೆರೊಗಳನ್ನು ಅದರೊಳಗೇ ಹಾಕಿದೆ. ಗುಂಡಿಗಳು ಬಂದವು, ಹಳೆಯ ಅಧ್ಯಾಯದ ಉಲ್ಲೇಖಗಳೂ ಸರಿಯಾಗಿ ತೆರೆದುಕೊಂಡವು. ಪರೀಕ್ಷೆಗಾಗಿ ಸಂಸ್ಥೆಗೆ ಮನವಿ ಬರೆದಿದ್ದೇನೆ. ಹೋಗಿಬರುವ ದಿನಗಳನ್ನು ಬಿಟ್ಟರೆ ಡೆಕ್ ಬೆಳಿಗ್ಗೆಯಿಂದ ರಾತ್ರಿಯವರೆಗೆ ಡಾಕ್‌ನಲ್ಲಿ, ಚಾರ್ಜರ್ ಚುಚ್ಚಿದ ಸ್ಥಿತಿಯಲ್ಲಿಯೇ ಇರುತ್ತದೆ. ಇದರಿಂದ ಬ್ಯಾಟರಿಗೆ ಹಾನಿಯಾಗುವುದೇ?

ಮೊದಲ ಉತ್ತರ ನೀಡಿದವರು

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸದಾ ತುಂಬಿದ ಸ್ಥಿತಿಯಲ್ಲಿ, ಅದೂ ಬಿಸಿಯಲ್ಲಿ ಇಟ್ಟರೆ ಅದರ ಆಯಸ್ಸು ಕುಗ್ಗುತ್ತದೆ. ಆದ್ದರಿಂದ ನಿಮ್ಮ ಸ್ಟೀಮ್‌ಓಎಸ್ 3.7 ಅಥವಾ ಅದಕ್ಕಿಂತ ಹೊಸದಾಗಿರುವಂತೆ ನೋಡಿಕೊಳ್ಳಿ. ಆ ಆವೃತ್ತಿಯಿಂದ ಗೇಮ್ ಮೋಡ್‌ನ ಸೆಟ್ಟಿಂಗ್‌ಗಳಲ್ಲಿ ಚಾರ್ಜ್ ಎಷ್ಟಕ್ಕೆ ನಿಲ್ಲಬೇಕೆಂಬ ಮಿತಿಯನ್ನು ನಿಗದಿಪಡಿಸಬಹುದು. 80 ಪ್ರತಿಶತಕ್ಕೆ ಇಡಿ. ಹೊರಗೆ ಒಯ್ಯುವ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿಕೊಂಡರೆ ಸಾಕು.

ಬಿಸಿಗಾಳಿ ಹೊರಹೋಗುವ ಕಿಂಡಿ ಮೇಲಂಚಿನಲ್ಲಿ, ಯುಎಸ್‌ಬಿ-ಸಿ ಪೋರ್ಟಿನ ಪಕ್ಕದಲ್ಲಿಯೇ ಇದೆ, ಗಾಳಿ ಒಳಬರುವ ಕಿಂಡಿ ಹಿಂಬದಿಯಲ್ಲಿದೆ. ಡಾಕನ್ನು ಗೋಡೆಗೆ ಒತ್ತಿ ಇಡಬೇಡಿ, ಮಾನಿಟರಿನ ಹಿಂದೆ ಪುಸ್ತಕಗಳ ನಡುವೆ ಸಿಕ್ಕಿಸಲೂಬೇಡಿ. ಕೆಲವು ತಿಂಗಳಿಗೊಮ್ಮೆ ಹಿಂಬದಿಯ ಚಿಪ್ಪು ಸಮತಟ್ಟಾಗಿದೆಯೇ ಎಂದು ಕೈಯಾಡಿಸಿ ನೋಡಿ. ಅಂಚುಗಳ ನಡುವೆ ಬಿರುಕು ಕಂಡರೆ, ಅಥವಾ ಟ್ರ್ಯಾಕ್‌ಪ್ಯಾಡ್ ಇದ್ದಕ್ಕಿದ್ದಂತೆ ಬಿಗಿಯಾಗಿ ಒತ್ತಲು ಕಷ್ಟವಾದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಇದೆ. ಆಗ ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಮತ್ತೆ ಚುಚ್ಚದೆ ನೇರವಾಗಿ ಸರ್ವಿಸಿಗೆ ಕೊಡಿ.